ತಂಗಡಿ

ಒಣ ಬಯಲು, ಮರಳುಮಿಶ್ರಿತ ನೆಲ ಹಾಗೂ ಕಲ್ಲುಭೂಮಿಯಲ್ಲಿ ತಾನಾಗಿ ಬೆಳೆಯುವ ಹಳದಿ ಹೂವಿನ ನಿತ್ಯಹಸಿರು ಪೊದೆ. ಆವರಿಕೆ ಪರ್ಯಾಯ ನಾಮ. ಸಂಸ್ಕೃತದಲ್ಲಿ ಆವರ್ತಕಿ, ತೆಲುಗಿನಲ್ಲಿ ತಂಗೇಡು, ಗುಜರಾತಿಯಲ್ಲಿ ಆವಳ. ಲೆಗ್ಯೂಮಿನೋಸೀ ಕುಟುಂಬಕ್ಕೆ ಸೇರಿದೆ. ವೈಜ್ಞಾನಿಕ ನಾಮ ಸೆನ್ನ ಆರಿಕ್ಯುಲೇಟ. ಲಿನೀಯಸ್ 1753ರಲ್ಲಿ ಇದನ್ನು ಕ್ಯಾಸಿಯ ಜಾತಿಯಲ್ಲಿ ಸೇರಿಸಿದ್ದ. ಭಾರತ, ಶ್ರೀಲಂಕಾ ಇದರ ತವರು. ಕರ್ನಾಟಕದ ಬಯಲುಸೀಮೆಯ ಹೊಲದ ಬದು, ರಸ್ತೆಬದಿಗಳಲ್ಲಿ ಸಾಮಾನ್ಯ.

ಸಾಮಾನ್ಯವಾಗಿ ಆಳೆತ್ತರ. ತೊಗಟೆ ಕಂದು. ಸಂಯುಕ್ತ ಪರ್ಣದಲ್ಲಿ 8-12 ಜೊತೆ ಕಿರುಎಲೆಗಳಿದ್ದು, ಪ್ರತಿ ಜೊತೆಯ ನಡುವೆ ಕಡ್ಡಿಯಂಥ ಸಣ್ಣ ಗ್ರಂಥಿಯಿದೆ. ಎಲೆಬುಡದ ಕಾವಿನೆಲೆಗಳು ಕಿವಿಯಾಕಾರದವು. ‘ಆರಿಕ್ಯುಲೇಟ’ ಎಂಬ ಹೆಸರಿಗೆ ಇವೇ ಕಾರಣ. ಹೂವಿಗೆ ಐದು ದಳ, ಹತ್ತು ಕೇಸರ. ಮೇಲಿನ ಮೂರು ಕೇಸರಗಳು ಬಂಜೆ. ಕಾಯಿ ಚಪ್ಪಟೆ, ಕಾಗದದಂತೆ ತೆಳು.

ತೊಗಟೆಯಲ್ಲಿ ಟ್ಯಾನಿನ್ ಹೇರಳವಾದ್ದರಿಂದ ದಕ್ಷಿಣ ಭಾರತದಲ್ಲಿ ಚರ್ಮ ಹದಮಾಡಲು ಬಹುಕಾಲ ಬಳಸುತ್ತಿದ್ದರು. ವಾಟಲ್ ತೊಗಟೆ ಬಂದಮೇಲೆ ಬೇಡಿಕೆ ತಗ್ಗಿತು. ಸೊಪ್ಪು ಹಸಿರೆಲೆ ಗೊಬ್ಬರ, ಎಳೆಯ ಕಡ್ಡಿ ಹಲ್ಲುಜ್ಜಲು, ಒಣಗಿಸಿದ ಹೂ ಕಷಾಯಕ್ಕೆ. ಬೀಜದಿಂದ ವಂಶಾಭಿವೃದ್ಧಿ. ತೆಲಂಗಾಣದ ರಾಜ್ಯಪುಷ್ಪವಾದ ಇದನ್ನು ಅಲ್ಲಿನ ಬತುಕಮ್ಮ ಹಬ್ಬದ ಹೂಗೋಪುರಕ್ಕೆ ಜೋಡಿಸುತ್ತಾರೆ.