ಬೀದರ್, ಭಾಲ್ಕಿ, ಔರಾದ್ ಮನೆ ರಿಪೇರಿ: ಮೊದಲು ಛಾವಣಿ, ಆಮೇಲೆ ಗಾಳಿ, ಕೊನೆಗೆ ಎಸಿ

ಬೀದರ್: ಮಾರ್ಚ್ ಬಂದರೆ ಕೂಲರ್ ಅಂಗಡಿ ಮುಂದೆ ಗದ್ದಲ, ಡಿಸೆಂಬರ್ ಬಂದರೆ ಗೀಸರ್ ಅಂಗಡಿ ಮುಂದೆ ಗದ್ದಲ. ಜಿಲ್ಲೆಯ ಹವಾಮಾನವೇ ಹಾಗಿದೆ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ದಾಟುತ್ತದೆ. ಚಳಿಗಾಲದ ಕೆಲವು ರಾತ್ರಿ 10 ಡಿಗ್ರಿಗಿಂತ ಕೆಳಗೆ ಇಳಿಯುತ್ತದೆ. ಒಂದೇ ಮನೆ ಬಿಸಿಲನ್ನೂ ತಡೆಯಬೇಕು, ಥಂಡಿಯನ್ನೂ ತಡೆಯಬೇಕು.

ರಿಪೇರಿಗೆ ಕೈ ಹಾಕಿದವರು ಸಾಮಾನ್ಯವಾಗಿ ಮೊದಲು ಯಂತ್ರಕ್ಕೆ ದುಡ್ಡು ಹಾಕುತ್ತಾರೆ. ಛಾವಣಿ, ಕಿಟಕಿ ಹಾಗೇ ಉಳಿಯುತ್ತವೆ. 'ಫ್ಯಾನ್ ಹಾಕಿದ್ರ ಬಿಸಿ ಗಾಳಿನೇ ಬರ್ತದ' ಎಂಬ ಮಾತು ಪ್ರತಿ ವರ್ಷ ಕೇಳಿಬರುವುದು ಇದೇ ಕಾರಣಕ್ಕೆ. ಶಾಖ ಒಳಗೆ ಬರುವ ದಾರಿ ಮುಚ್ಚಿದ ಮೇಲೆ ಯಂತ್ರ ಕೊಂಡರೆ ಸಣ್ಣ ಯಂತ್ರವೇ ಸಾಕಾಗುತ್ತದೆ, ಎಷ್ಟೋ ಮನೆಗೆ ಎಸಿ ಬೇಕಾಗುವುದೇ ಇಲ್ಲ.

ಬಿಲ್‌ನ ಲೆಕ್ಕ

2023ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ಪ್ರತಿ ಮನೆಯ ಉಚಿತ ಯುನಿಟ್‌ಗಳನ್ನು ಅದರ ಹಿಂದಿನ ವರ್ಷದ ಸರಾಸರಿ ಬಳಕೆ ನೋಡಿ ನಿಗದಿ ಮಾಡಲಾಗಿದೆ. ಆ ಮಿತಿ ದಾಟಿದರೆ ಹೆಚ್ಚುವರಿ ಯುನಿಟ್‌ಗಳಿಗೆ ಹಣ ಕಟ್ಟಬೇಕು. ಬಳಕೆ 200 ಯುನಿಟ್ ದಾಟಿದರೆ ಆ ತಿಂಗಳ ಪೂರ್ತಿ ಬಿಲ್ ಮನೆಯವರ ಮೇಲೆ ಬೀಳುತ್ತದೆ.

ಒಂದೂವರೆ ಟನ್ ಇನ್ವರ್ಟರ್ ಎಸಿ ತಾಸಿಗೆ ಸುಮಾರು 1 ಯುನಿಟ್ ತಿನ್ನುತ್ತದೆ ಎಂದುಕೊಳ್ಳೋಣ. ದಿನಕ್ಕೆ 8 ತಾಸು ನಡೆದರೆ ತಿಂಗಳಿಗೆ 240 ಯುನಿಟ್. ಅಂದರೆ ಎಸಿ ಒಂದೇ 200ರ ಗಡಿ ದಾಟಿಸುತ್ತದೆ. 200 ವಾಟ್‌ನ ಕೂಲರ್ ದಿನಕ್ಕೆ 10 ತಾಸು ನಡೆದರೆ ತಿಂಗಳಿಗೆ 60 ಯುನಿಟ್. ಅಂಗಡಿ ಮೀಟರ್‌ಗಳಿಗೆ ಗೃಹಜ್ಯೋತಿ ಇಲ್ಲ. ಹಾಗಾಗಿ ವ್ಯಾಪಾರಿಗಳಿಗೆ ಉಳಿಸಿದ ಪ್ರತಿ ಯುನಿಟ್ ನೇರ ಉಳಿತಾಯ.

ಛಾವಣಿಯೇ ಏಕೆ ಮೊದಲು?

ಬೀದರ್ ಸುಮಾರು 17.9 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಮೇ ಎರಡನೇ ವಾರದಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುತ್ತಾನೆ. ಬಿಸಿಲು ಅತಿ ಹೆಚ್ಚು ಇರುವ ದಿನಗಳಲ್ಲೇ ಅದರ ಪೂರ್ತಿ ಹೊಡೆತ ಛಾವಣಿಗೆ ಬೀಳುತ್ತದೆ. ಸ್ಲ್ಯಾಬ್ ಹಗಲೆಲ್ಲ ಶಾಖ ಕುಡಿದು ರಾತ್ರಿ ಒಳಗೆ ಬಿಡುತ್ತದೆ. ಹೊರಗೆ ತಂಪಾದರೂ ರಾತ್ರಿ 11ಕ್ಕೆ ಮಲಗುವ ಕೋಣೆ ಕುದಿಯುವುದು ಇದರಿಂದಲೇ.

ಕೇಂದ್ರ ಸರ್ಕಾರ 2018ರಲ್ಲಿ ಹೊರತಂದ 'ಇಕೋ ನಿವಾಸ ಸಂಹಿತೆ'ಯು ವಸತಿ ಕಟ್ಟಡದ ಛಾವಣಿ ಎಷ್ಟು ಶಾಖ ಒಳಗೆ ಬಿಡಬಹುದು ಎಂಬುದಕ್ಕೆ ಮಿತಿ ಹಾಕಿದೆ. ಯು-ಮೌಲ್ಯ ಎಂಬ ಅಳತೆಯಲ್ಲಿ ಅದು 1.2. ಐದು ಇಂಚಿನ ಬರೀ ಸ್ಲ್ಯಾಬ್‌ಗೆ ಈ ಅಳತೆ ಸುಮಾರು ಮೂರೂವರೆ ಬರುತ್ತದೆ, ಅಂದರೆ ಮಿತಿಯ ಮೂರು ಪಟ್ಟು. ಪಕ್ಕದ ತೆಲಂಗಾಣ 2023ರಲ್ಲಿ ತಂಪು ಛಾವಣಿಗಾಗಿಯೇ ಪ್ರತ್ಯೇಕ ನೀತಿ ಜಾರಿಗೆ ತಂದಿದೆ.

ಸ್ಲ್ಯಾಬ್ ಮನೆಗೆ ಮೂರು ದಾರಿ

- ಬಿಳಿ ಸುಣ್ಣ: ಎಲ್ಲಕ್ಕಿಂತ ಅಗ್ಗ. ಬಿಸಿಲಿನ ದೊಡ್ಡ ಪಾಲು ವಾಪಸ್ ಹೋಗುತ್ತದೆ. ಆದರೆ ಮಳೆಗೆ ತೊಳೆದುಹೋಗುವುದರಿಂದ ಪ್ರತಿ ವರ್ಷ ಯುಗಾದಿಗೆ ಮುಂಚೆ ಹಚ್ಚಬೇಕು.
- ತಂಪು ಛಾವಣಿ ಬಣ್ಣ ಅಥವಾ ಬಿಳಿ ಟೈಲ್ಸ್ ಚೂರು: ಹೆಚ್ಚು ವರ್ಷ ಬಾಳುತ್ತವೆ. ಬಣ್ಣ ಕೊಳ್ಳುವಾಗ ಡಬ್ಬಿ ಮೇಲೆ 'ಎಸ್‌ಆರ್‌ಐ' ಅಂಕಿ ಮತ್ತು ಗ್ಯಾರಂಟಿ ಅವಧಿ ನೋಡಬೇಕು. ಅಂಕಿ ಹೆಚ್ಚಿದ್ದಷ್ಟೂ ಒಳ್ಳೆಯದು. ಧೂಳು ಕೂತರೆ ಲಾಭ ಇಳಿಯುತ್ತದೆ, ವರ್ಷಕ್ಕೊಮ್ಮೆ ತೊಳೆಯಬೇಕು.
- ಶಾಖ ತಡೆಯುವ ಪದರ: ಸ್ಲ್ಯಾಬ್ ಮೇಲೆ ಎರಡು ಇಂಚಿನ ಎಕ್ಸ್‌ಪಿಎಸ್ ಹಲಗೆ ಹಾಸಿ, ಮೇಲೆ ಕಾಂಕ್ರೀಟ್ ಮತ್ತು ಟೈಲ್ಸ್ ಹಾಕುವುದು. ಖರ್ಚು ಹೆಚ್ಚು, ಫಲವೂ ಹೆಚ್ಚು. ಸಂಹಿತೆಯ ಮಿತಿಯೊಳಗೆ ಬರಲು ಇದು ಸಾಕು. ಬಿಳಿ ಬಣ್ಣ ಬೇಸಿಗೆಗೆ ಮಾತ್ರ ಉಪಯೋಗ, ಈ ಪದರ ಚಳಿಗಾಲದಲ್ಲೂ ಮನೆ ಬೆಚ್ಚಗಿಡುತ್ತದೆ.

ಇಟ್ಟಿಗೆ ಚೂರಿನ ಕೋಬಾ ಹಾಕಿಸುವವರು ಭಾರದ ಲೆಕ್ಕ ಮರೆಯಬಾರದು. ನಾಲ್ಕು ಇಂಚು ದಪ್ಪದ ಕೋಬಾ ಒಂದು ಚದರ ಮೀಟರ್‌ಗೆ ಹೆಚ್ಚುಕಡಿಮೆ 200 ಕೆ.ಜಿ. ತೂಗುತ್ತದೆ. ಹಳೆಯ ಸ್ಲ್ಯಾಬ್‌ನಲ್ಲಿ ಸರಳು ತುಕ್ಕು ಹಿಡಿದು ಸಿಮೆಂಟ್ ಉದುರುತ್ತಿದ್ದರೆ ಎಂಜಿನಿಯರ್‌ಗೆ ತೋರಿಸದೆ ಭಾರ ಏರಿಸುವುದು ಅಪಾಯ.

ಸೋರಿಕೆ ಇದ್ದರೆ ಅದನ್ನೇ ಮೊದಲು ನಿಲ್ಲಿಸಬೇಕು. ಭಾಲ್ಕಿ, ಔರಾದ್ ಭಾಗದ ಎರೆ ಮಣ್ಣು ಮಳೆಗೆ ಉಬ್ಬಿ, ಬೇಸಿಗೆಗೆ ಕುಗ್ಗುತ್ತದೆ. ಅದರಿಂದ ಗೋಡೆ ಬಿರುಕು ಬಿಡುವುದು ಸಾಮಾನ್ಯ. ನೀರು ಕುಡಿದ ಗೋಡೆ, ನೀರು ಕುಡಿದ ಪದರ ಎರಡೂ ಶಾಖ ತಡೆಯುವುದಿಲ್ಲ.

ಪತ್ರಾ ಮನೆ, ಮಾಳಿಗೆ ಮನೆ

ಪತ್ರಾ ಶೆಡ್ ಬಿಸಿಲು ಬಿದ್ದ ಸ್ವಲ್ಪ ಹೊತ್ತಿಗೇ ಕಾಯುತ್ತದೆ, ರಾತ್ರಿ ಬೇಗ ಆರುತ್ತದೆ. ಇದಕ್ಕೆ ಮೇಲೆ ಬಿಳಿ ಬಣ್ಣ, ಕೆಳಗೆ ಸೀಲಿಂಗ್, ನಡುವೆ ಗಾಳಿ ಆಡುವ ಜಾಗ ಬೇಕು. ಸೀಲಿಂಗ್ ಹಾಕಿ ನಾಲ್ಕೂ ಕಡೆ ಬಂದ್ ಮಾಡಿದರೆ ಬಿಸಿ ಗಾಳಿ ಅಲ್ಲೇ ಸಿಕ್ಕಿಬೀಳುತ್ತದೆ. ಎರಡು ಬದಿ ಜಾಲರಿ ಬಿಡಬೇಕು. ಥರ್ಮೊಕೋಲ್ ಬೇಗ ಬೆಂಕಿ ಹಿಡಿಯುವ ವಸ್ತು. ಒಲೆ, ವೈರಿಂಗ್ ಇರುವ ಕಡೆ ಅದನ್ನು ಹಾಗೇ ತೆರೆದು ಅಂಟಿಸಬಾರದು.

ಹಳ್ಳಿಗಳಲ್ಲಿ ಉಳಿದಿರುವ ಕಲ್ಲು-ಮಣ್ಣಿನ ಮಾಳಿಗೆ ಮನೆಗಳ ದಪ್ಪ ಗೋಡೆ ಮತ್ತು ಮಣ್ಣಿನ ಮೇಲ್ಮುದ್ದೆ ಹಗಲಿನ ಬಿಸಿಲನ್ನು ಒಳಗೆ ಬಿಡುವುದೇ ಇಲ್ಲ. ಜಂತಿ ಗಟ್ಟಿ ಇದ್ದರೆ ಇಂಥ ಮನೆ ಕೆಡವಿ ಪತ್ರಾ ಹಾಕುವುದು ನಷ್ಟದ ಬಾಬತ್ತು. ಮೇಲ್ಮುದ್ದೆ ದುರಸ್ತಿ, ನೀರು ಹರಿಯಲು ಸರಿಯಾದ ದೋಣಿ, ಒಳಗೆ ಬೆಳಕಿಂಡಿ ಮಾಡಿಸಿದರೆ ಸಾಕು. ಬೀದರ್ ನಗರದ ಹಳೆ ಜಂಬಿಟ್ಟಿಗೆ ಗೋಡೆಗಳು ನೀರು ಹೀರುವ ಗುಣದವು. ಅವಕ್ಕೆ ಸುಣ್ಣದ ಗಾರೆ ಹೊಂದುತ್ತದೆ. ಪ್ಲಾಸ್ಟಿಕ್ ಬಣ್ಣ ಹೊಡೆದರೆ ತೇವ ಹೊರಗೆ ಹೋಗದೆ ಪದರ ಏಳುತ್ತದೆ.

ಗೋಡೆ, ಕಿಟಕಿ, ಗಾಳಿ

ಪಶ್ಚಿಮದ ಗೋಡೆಗೆ ಮಧ್ಯಾಹ್ನ 3ರಿಂದ 6ರವರೆಗೆ ಬಿಸಿಲು ಎದುರಿಗೇ ಹೊಡೆಯುತ್ತದೆ. ಸಜ್ಜಾದಿಂದ ಅದು ನಿಲ್ಲುವುದಿಲ್ಲ. ಹೊರಗಡೆ ಬಿದಿರಿನ ಚಿಕ್ಕು, ಹಸಿರು ನೆಟ್ ಅಥವಾ ಗಿಡದ ನೆರಳು ಬೇಕು. ಒಳಗಿನ ಪರದೆಗಿಂತ ಹೊರಗಿನ ನೆರಳು ಮೇಲು, ಶಾಖ ಗಾಜು ದಾಟುವ ಮುಂಚೆಯೇ ತಡೆಯುತ್ತದೆ.

ದಕ್ಷಿಣದ ಕಿಟಕಿಯ ಮಾತು ಬೇರೆ. ಡಿಸೆಂಬರ್‌ನಲ್ಲಿ ಮಧ್ಯಾಹ್ನದ ಸೂರ್ಯ ದಕ್ಷಿಣಕ್ಕೆ ವಾಲಿ 50 ಡಿಗ್ರಿಗಿಂತ ಕೆಳಗಿರುತ್ತಾನೆ. ಎರಡು ಅಡಿ ಸಜ್ಜಾ ಇದ್ದರೂ ಎಳೆ ಬಿಸಿಲು ಒಳಗೆ ಬರುತ್ತದೆ, ಬೇಸಿಗೆಯಲ್ಲಿ ಬರುವುದಿಲ್ಲ. ರಿಪೇರಿ ವೇಳೆ ದಕ್ಷಿಣದ ಕಿಟಕಿ ಮುಚ್ಚಿಸುವುದು ಚಳಿಗಾಲದ ಪುಕ್ಕಟೆ ಹೀಟರ್ ಕಳೆದುಕೊಂಡಂತೆ.

ಗಾಳಿಗೆ ಎದುರುಬದುರು ಎರಡು ಕಿಂಡಿ ಬೇಕು, ಒಂದು ತಗ್ಗಿನಲ್ಲಿ, ಒಂದು ಎತ್ತರದಲ್ಲಿ. ಬೇಸಿಗೆಯಲ್ಲಿ ಬೆಳಿಗ್ಗೆ 9ಕ್ಕೆ ಕಿಟಕಿ ಮುಚ್ಚಿ, ಸಂಜೆ ಹೊರಗೆ ತಂಪಾದ ಮೇಲೆ ತೆರೆಯುವುದು ಸರಿ. ಸೊಳ್ಳೆ ಜಾಲರಿ ಇಲ್ಲದಿದ್ದರೆ ರಾತ್ರಿ ಯಾರೂ ಕಿಟಕಿ ತೆರೆಯುವುದಿಲ್ಲ, ಅದರ ಖರ್ಚೂ ಇದೇ ಲೆಕ್ಕದಲ್ಲಿ ಸೇರಲಿ. ಅಡುಗೆಮನೆಗೆ ಎಕ್ಸಾಸ್ಟ್ ಫ್ಯಾನ್ ಕಡ್ಡಾಯ ಎಂದೇ ತಿಳಿಯಬೇಕು.

ಗಾಂಧಿಗಂಜ್, ಉಸ್ಮಾನ್‌ಗಂಜ್‌ನಂಥ ಕಡೆ ಸಾಲು ಅಂಗಡಿಗಳಿಗೆ ಮುಂದಿನ ಶಟರ್ ಬಿಟ್ಟರೆ ಬೇರೆ ಬಾಗಿಲಿಲ್ಲ. ಅಲ್ಲಿ ಹಿಂದಿನ ಗೋಡೆಯ ಮೇಲ್ಭಾಗದಲ್ಲಿ ಎಕ್ಸಾಸ್ಟ್ ಕೂಡಿಸಬೇಕು. ಫ್ರಿಜ್ ಹಿಂದೆ ಗಾಳಿ ಆಡಲು ಜಾಗ ಬಿಟ್ಟರೆ ಅದರ ಕರೆಂಟೂ ಉಳಿಯುತ್ತದೆ.

ಯಂತ್ರ ಕೊಳ್ಳುವ ಮುನ್ನ

ಫ್ಯಾನ್: ಹಳೆ ಫ್ಯಾನ್ ಸುಮಾರು 75 ವಾಟ್, ಬಿಎಲ್‌ಡಿಸಿ ಫ್ಯಾನ್ ಸುಮಾರು 30 ವಾಟ್. ದಿನಕ್ಕೆ 15 ತಾಸು ತಿರುಗಿದರೆ ಒಂದು ಫ್ಯಾನ್‌ಗೆ ತಿಂಗಳಿಗೆ 20 ಯುನಿಟ್ ಉಳಿತಾಯ. 2023ರ ಜನವರಿಯಿಂದ ಸೀಲಿಂಗ್ ಫ್ಯಾನ್‌ಗೆ ಸ್ಟಾರ್ ಲೇಬಲ್ ಕಡ್ಡಾಯ, ನೋಡಿಯೇ ಕೊಳ್ಳಬೇಕು.

ಕೂಲರ್: ಜಿಲ್ಲೆಯ ಏಪ್ರಿಲ್-ಮೇ ಒಣ ಬಿಸಿಲಿಗೆ ಚೆನ್ನಾಗಿ ಹೊಂದುತ್ತದೆ. ಕಿಟಕಿ ಹೊರಗೆ ಕೂಡಿಸಿ, ಎದುರಿನ ಕಿಟಕಿ ಸ್ವಲ್ಪ ತೆರೆದಿರಬೇಕು. ಎಲ್ಲ ಮುಚ್ಚಿದರೆ ಕೋಣೆ ಜಿಗಿಜಿಗಿ ಆಗುತ್ತದೆ. ಮಳೆಗಾಲದಲ್ಲಿ ಕೆಲಸಕ್ಕೆ ಬಾರದು. ಡೆಂಗಿ ಸೊಳ್ಳೆ ಹುಟ್ಟದಂತೆ ವಾರಕ್ಕೊಮ್ಮೆ ತೊಟ್ಟಿ ಖಾಲಿ ಮಾಡಿ ಒಣಗಿಸಬೇಕು.

ಎಸಿ: ವಯಸ್ಸಾದವರು, ರೋಗಿಗಳು ಇದ್ದರೆ ಒಂದು ಕೋಣೆಗೆ ಸಾಕು. 24 ಡಿಗ್ರಿಗಿಂತ ಕೆಳಗೆ ಇಡದೆ ಫ್ಯಾನ್ ಜೊತೆ ನಡೆಸಿದರೆ ಬಿಲ್ ಹಿಡಿತದಲ್ಲಿರುತ್ತದೆ.

ಸ್ನಾನದ ನೀರು: ಹಗಲು ಬಿಸಿಲಿಗೆ ಚಳಿಗಾಲದಲ್ಲೂ ಕೊರತೆಯಿಲ್ಲ, ಸೋಲಾರ್ ಚೆನ್ನಾಗಿ ನಡೆಯುತ್ತದೆ. ಬೋರ್‌ವೆಲ್ ನೀರು ಗಡಸಾಗಿದ್ದರೆ ಟ್ಯಾಂಕ್, ಪೈಪ್‌ನಲ್ಲಿ ಬಿಳಿ ಪದರ ಕಟ್ಟುತ್ತದೆ. ಅದನ್ನು ತೆಗೆಯುವ ಸರ್ವಿಸ್ ಯಾರು ಮಾಡುತ್ತಾರೆ ಎಂದು ಕೊಳ್ಳುವಾಗಲೇ ಕೇಳಬೇಕು.

ಚಳಿಗಾಲ: ಇಲ್ಲಿ ಜೀವದ ಪ್ರಶ್ನೆ

ಬಾಗಿಲು-ಕಿಟಕಿ ಬಂದ್ ಮಾಡಿ ಒಳಗೆ ಶೇಗಡಿ ಅಥವಾ ಕೆಂಡದ ಬುಟ್ಟಿ ಇಟ್ಟು ಮಲಗುವುದು ಪ್ರಾಣಕ್ಕೆ ಕುತ್ತು. ಕೆಂಡದಿಂದ ಹೊರಡುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ತಲೆ ಭಾರವಾಗಿ ನಿದ್ದೆ ಬಂದಂತಾಗುತ್ತದೆ, ಎದ್ದು ಬಾಗಿಲು ತೆರೆಯುವ ಶಕ್ತಿಯೂ ಉಳಿಯುವುದಿಲ್ಲ. ಗ್ಯಾಸ್ ಗೀಸರ್‌ಗೂ ಇದೇ ಮಾತು. ಅದನ್ನು ಬಚ್ಚಲುಮನೆ ಒಳಗೆ ಕೂಡಿಸಬಾರದು. ಹೊರಗೆ, ಗಾಳಿ ಆಡುವ ಕಡೆ ಇಟ್ಟು ಪೈಪ್‌ನಿಂದ ನೀರು ತರಬೇಕು. ರಿಪೇರಿಯಲ್ಲಿ ಬಚ್ಚಲಿನ ಬೆಳಕಿಂಡಿಯನ್ನು 'ಥಂಡಿ ಬರ್ತದ' ಎಂದು ಮುಚ್ಚಿಸಬಾರದು.

ಥಂಡಿ ತಡೆಯಲು ಬಾಗಿಲ ಕೆಳಗಿನ ಸಂದಿಗೆ ರಬ್ಬರ್ ಪಟ್ಟಿ, ಉತ್ತರದ ಕಿಟಕಿಗೆ ದಪ್ಪ ಪರದೆ, ಶಹಾಬಾದ್ ಹಾಸುಗಲ್ಲಿನ ಮೇಲೆ ಜಮಖಾನೆ ಹಾಕುವುದು ಒಳ್ಳೆಯದು. ಹೀಟರ್ ಬೇಕೇ ಇದ್ದರೆ ಎಣ್ಣೆ ತುಂಬಿದ ಮಾದರಿ ಮೇಲು. ಅದಕ್ಕೆ ಅರ್ಥಿಂಗ್ ಇರುವ 16 ಆಂಪಿಯರ್ ಪ್ಲಗ್ ಬೇಕು, ಎಕ್ಸ್‌ಟೆನ್ಶನ್ ವೈರ್ ಬೇಡ.

ಯಾವ ತಿಂಗಳು ಯಾವ ಕೆಲಸ

- ನವೆಂಬರ್–ಡಿಸೆಂಬರ್: ಬಿರುಕು, ಸೋರಿಕೆ ದುರಸ್ತಿ. ಬಾಗಿಲು-ಕಿಟಕಿ ಸಂದಿ ಮುಚ್ಚುವುದು. ಸೋಲಾರ್ ಜೋಡಣೆ.
- ಜನವರಿ–ಫೆಬ್ರವರಿ: ಛಾವಣಿ ಪದರ, ಟೈಲ್ಸ್, ಸೀಲಿಂಗ್. ಬಿಸಿಲು ಕಡಿಮೆ ಇರುವುದರಿಂದ ಸಿಮೆಂಟ್ ಕ್ಯೂರಿಂಗ್ ಸರಿಯಾಗುತ್ತದೆ.
- ಮಾರ್ಚ್: ಸುಣ್ಣ ಅಥವಾ ಬಿಳಿ ಬಣ್ಣ, ಪಶ್ಚಿಮಕ್ಕೆ ನೆರಳು, ಜಾಲರಿ, ಫ್ಯಾನ್ ಬದಲಾವಣೆ.
- ಏಪ್ರಿಲ್: ಇಷ್ಟಾದ ಮೇಲೆ ಒಂದು ವಾರ ಮನೆಯಲ್ಲಿದ್ದು ನೋಡಿ, ಕೂಲರ್ ಸಾಕೋ ಎಸಿ ಬೇಕೋ ತೀರ್ಮಾನಿಸುವುದು.

ಎಲ್ಲ ಕೆಲಸಕ್ಕೆ ಒಮ್ಮೆಗೇ ದುಡ್ಡು ಹೊಂದದಿದ್ದರೆ ಈ ವರ್ಷ ಸೋರಿಕೆ ನಿಲ್ಲಿಸಿ ಸುಣ್ಣ ಹಚ್ಚಿದರೂ ಆಯಿತು. ಮುಂದಿನ ವರ್ಷಕ್ಕೆ ಸೀಲಿಂಗ್ ಅಥವಾ ಪದರ ಹಾಕಿಸಬಹುದು.