ಕಲ್ಯಾಣದ ನೆಲದಿಂದ ಇಲಿಯಡ್ಡಿನ ಓದು

ಹುಮನಾಬಾದ್ ತಾಲ್ಲೂಕಿನ ಜಲಸಂಗ್ವಿಯ ಚಾಲುಕ್ಯ ದೇವಾಲಯದ ಹೊರಭಿತ್ತಿಯಲ್ಲಿ, ಲೇಖನಿ ಹಿಡಿದು ಫಲಕದ ಮೇಲೆ ಬರೆಯುತ್ತಿರುವ ಶಿಲಾಬಾಲಿಕೆಯೊಬ್ಬಳಿದ್ದಾಳೆ. ಆಕೆ ಬರೆಯುತ್ತಿರುವುದು ಕ್ರಿ.ಶ. 1076ರಿಂದ 1126ರವರೆಗೆ ಕಲ್ಯಾಣದಿಂದ ಆಳಿದ ಆರನೆಯ ವಿಕ್ರಮಾದಿತ್ಯನ ಸ್ತುತಿಯನ್ನು. ಗ್ರೀಕರ ಆದಿಕಾವ್ಯವಾದ ಇಲಿಯಡ್ಡಿನ ಮೂರನೆಯ ಸರ್ಗದಲ್ಲಿಯೂ ಇಂತಹ ಕಲಾವಿದೆಯೊಬ್ಬಳು ಕಾಣಸಿಗುತ್ತಾಳೆ. ಟ್ರಾಯ್ ನಗರದ ಅರಮನೆಯಲ್ಲಿ ಹೆಲೆನ್, ತನ್ನ ನಿಮಿತ್ತವಾಗಿ ಉಭಯ ಸೈನ್ಯಗಳೂ ಪಡುತ್ತಿರುವ ಪಾಡನ್ನು ಮಗ್ಗದಲ್ಲಿ ನೇಯುತ್ತಿರುತ್ತಾಳೆ. ಜಲಸಂಗ್ವಿಯ ಬಾಲಿಕೆಯ ಫಲಕದಲ್ಲಿ ಗೆದ್ದ ಅರಸನೊಬ್ಬನಿಗೆ ಮಾತ್ರ ಎಡೆಯುಂಟು. ಹೆಲೆನಳ ವಸ್ತ್ರದಲ್ಲಿ ಎರಡು ಪಕ್ಷಗಳ ಸಂಕಟವೂ ಸೇರಿದೆ. ಹೋಮರನ ಕಾವ್ಯವನ್ನು ಆಧುನಿಕ ಕನ್ನಡದ ಓದುಗರು ಸ್ವೀಕರಿಸಿದ ಬಗೆಯನ್ನು ತಿಳಿಯಲು ಈ ಭೇದವೇ ಯೋಗ್ಯವಾದ ಪ್ರವೇಶವೆಂದು ನನ್ನ ಭಾವನೆ.

ಆಸ್ಥಾನಕಾವ್ಯದ ಧರ್ಮವು ಪ್ರಭುಸ್ತುತಿ. ಕಾಶ್ಮೀರದಿಂದ ಕಲ್ಯಾಣಕ್ಕೆ ಬಂದ ಬಿಲ್ಹಣನು ‘ವಿಕ್ರಮಾಂಕದೇವಚರಿತ’ದ 18 ಸರ್ಗಗಳಲ್ಲಿ ಈ ಧರ್ಮವನ್ನು ನಿಷ್ಠೆಯಿಂದ ಪಾಲಿಸಿದನು. ಅವನಿಗಿಂತ ಮೊದಲು, ಒಂದನೆಯ ಸೋಮೇಶ್ವರನು ರಾಜಧಾನಿಯನ್ನು ಮಾನ್ಯಖೇಟದಿಂದ ಕಲ್ಯಾಣಕ್ಕೆ ತರುವುದಕ್ಕೂ ಮುನ್ನ, ಅದೇ ವಂಶದ ಸತ್ಯಾಶ್ರಯನನ್ನು ಭೀಮನೊಡನೆ ಸಮೀಕರಿಸಿ ರನ್ನನು ಗದಾಯುದ್ಧವನ್ನು ರಚಿಸಿದ್ದನು. ಉದ್ದೇಶ ಭೀಮನ ವಿಜಯವೇ ಆದರೂ ಕಾವ್ಯದ ಪ್ರಾಣ ದುರ್ಯೋಧನನ ಕಡೆಗೆ ಹರಿಯಿತು. ಸಂಜಯನೊಡನೆ ರಣಭೂಮಿಯನ್ನು ಹಾಯ್ದು ಹೋಗುವ ಆ ದೊರೆ, ದ್ರೋಣ, ದುಶ್ಶಾಸನ, ಕರ್ಣರ ಶವಗಳ ಮುಂದೆ ಶೋಕಿಸುವುದಷ್ಟೇ ಅಲ್ಲದೆ, ವೈರಿಯ ಮಗನಾದ ಅಭಿಮನ್ಯುವಿನ ಶೌರ್ಯಕ್ಕೆ ಕೈಮುಗಿದು, ಅಂತಹ ಮರಣ ತನಗೂ ಒದಗಲೆಂದು ಹಾರೈಸುತ್ತಾನೆ.

ಇಲಿಯಡ್ಡಿನ ಕೊನೆಯ ಸರ್ಗವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಟ್ರಾಯ್‌ನ ವೃದ್ಧ ದೊರೆ ಪ್ರಿಯಾಮನು ಹಗೆ ಅಕಿಲೀಸನ ಬಿಡಾರದೊಳಗೆ ಒಬ್ಬನೇ ಹೋಗಿ, ತನ್ನ ಮಕ್ಕಳನ್ನು ಕೊಂದ ಕೈಗಳನ್ನು ಚುಂಬಿಸಿ, ಮಗ ಹೆಕ್ಟರನ ಶವವನ್ನು ಬೇಡುತ್ತಾನೆ. ಅಕಿಲೀಸನು ದೂರದಲ್ಲಿರುವ ತನ್ನ ತಂದೆಯನ್ನು ನೆನೆದು ಅಳುತ್ತಾನೆ. ಊಟ ಮುಗಿದ ಬಳಿಕ ಒಬ್ಬರನ್ನೊಬ್ಬರು ಬೆರಗಿನಿಂದ ನಿಟ್ಟಿಸುತ್ತಾರೆ. ಗದಾಯುದ್ಧವನ್ನು ಬಲ್ಲ ಕನ್ನಡಿಗನಿಗೆ ಈ ಸನ್ನಿವೇಶ ಪರಕೀಯವೆನಿಸಲಾರದು.

ಈ ಬಾಂಧವ್ಯವನ್ನು ಸೃಷ್ಟಿಶೀಲವಾಗಿ ಕಂಡುಕೊಂಡವರು ‘ಶ್ರೀ’ ಎಂದು ಹೆಸರಾದ ಬಿ.ಎಂ. ಶ್ರೀಕಂಠಯ್ಯನವರು. 1926ರಲ್ಲಿ ರನ್ನನ ಕಾವ್ಯವನ್ನು ‘ಗದಾಯುದ್ಧ ನಾಟಕಂ’ ಆಗಿಸಿದ ಅವರು, 1929ರಲ್ಲಿ ಸೊಫೋಕ್ಲೀಸನ ‘ಅಯಾಸ್’ ನಾಟಕವನ್ನು ‘ಅಶ್ವತ್ಥಾಮನ್’ ಆಗಿಯೂ, 1935ರಲ್ಲಿ ಈಸ್ಕಿಲಸನ ಕೃತಿಯನ್ನು ‘ಪಾರಸಿಕರು’ ಆಗಿಯೂ ಕನ್ನಡಕ್ಕೆ ತಂದರು. ಅಯಾಸನು ಮೂಲತಃ ಹೋಮರನ ವೀರ. ಇಲಿಯಡ್ಡಿನ ಏಳನೆಯ ಸರ್ಗದಲ್ಲಿ ಅವನೂ ಹೆಕ್ಟರನೂ ಸಂಜೆಯವರೆಗೆ ಕಾದಾಡಿ, ಉಡುಗೊರೆಗಳನ್ನು ವಿನಿಮಯ ಮಾಡಿಕೊಂಡು ಬೀಳ್ಕೊಳ್ಳುತ್ತಾರೆ. ಅಂದು ಹೆಕ್ಟರನು ಕೊಟ್ಟ ಖಡ್ಗದ ಮೇಲೆಯೇ ಸೊಫೋಕ್ಲೀಸನ ಅಯಾಸನು ಬಿದ್ದು ಪ್ರಾಣ ಬಿಡುವನು. ಒಡಿಸ್ಸಿಯ ಹನ್ನೊಂದನೆಯ ಸರ್ಗದಲ್ಲಿ, ಪರಲೋಕದಲ್ಲಿಯೂ ಮುನಿಸು ಮಾಯದ ಅವನ ಪ್ರೇತವು ಒಡಿಸ್ಯೂಸನಿಗೆ ಉತ್ತರ ಕೊಡದೆ ಸರಿದುಹೋಗುವುದು.

ಇಂತಹ ವೀರನ ಸ್ಥಾನದಲ್ಲಿ ಶ್ರೀಯವರು ಚಿರಂಜೀವಿಯೆಂದು ಪುರಾಣಪ್ರಸಿದ್ಧನಾದ ಅಶ್ವತ್ಥಾಮನನ್ನು ನಿಲ್ಲಿಸಿ, ಅವನಿಗೆ ಮರಣವನ್ನು ವಿಧಿಸಿದರು. ಸಂಪ್ರದಾಯಪ್ರಿಯರಿಗೆ ಇದು ಅಪಚಾರವಾಗಿ ತೋರಿದುದು ಸಹಜ. ಆದರೆ ಸಾವಿಲ್ಲದವನಿಗೆ ಅಯಾಸನ ಗಾಂಭೀರ್ಯ ದಕ್ಕಲಾರದೆಂಬುದನ್ನು ಮನಗಂಡೇ ಶ್ರೀಯವರು ಈ ಸಾಹಸಕ್ಕೆ ಕೈಯಿಟ್ಟರೆಂದು ನಾನು ತಿಳಿಯುತ್ತೇನೆ; ಈ ಒಂದು ಬದಲಾವಣೆಯಲ್ಲಿ ಅವರ ಗ್ರೀಕ್ ವ್ಯಾಸಂಗದ ಸಾರವೆಲ್ಲ ಅಡಗಿದೆ.

ಮುಂದೆ ಕುವೆಂಪು ಅವರು ‘ಶ್ರೀ ರಾಮಾಯಣ ದರ್ಶನಂ’ನಲ್ಲಿ ಹೋಮರನಿಗೆ ವಂದಿಸಿ, ಅವನ ದೀರ್ಘೋಪಮೆಗಳ ಮಾರ್ಗವನ್ನು ಮಹೋಪಮೆಗಳಾಗಿ ಬೆಳೆಯಿಸಿದರು, ರಾವಣನ ಅಂತರಂಗಕ್ಕೂ ಪರಿವರ್ತನೆಯ ಅವಕಾಶವಿತ್ತರು.

ಕಲ್ಯಾಣದ ಸ್ವಂತ ದುರಂತವಾದರೋ ಹನ್ನೆರಡನೆಯ ಶತಮಾನದ ಶರಣರ ವಿಪ್ಲವ. ಭಕ್ತಿಪರಂಪರೆಯ ಕಥನಗಳಲ್ಲಿ ಆಗಿನ ಕಲ್ಯಾಣದ ಅರಸನಾದ ಬಿಜ್ಜಳನು ಬಹುಮಟ್ಟಿಗೆ ಪ್ರತಿಪಕ್ಷದವನು. ‘ದೊರೆ ಈಡಿಪಸ್’ ಅನ್ನು ಕನ್ನಡಿಸಿದ ಲಂಕೇಶರು ‘ಸಂಕ್ರಾಂತಿ’ಯಲ್ಲಿಯೂ, ಗಿರೀಶ ಕಾರ್ನಾಡರು 1990ರ ‘ತಲೆದಂಡ’ದಲ್ಲಿಯೂ ಅವನನ್ನು ಒಳಗಿನಿಂದ ನೋಡಲು ಯತ್ನಿಸಿದರು. ಇದನ್ನು ಹೋಮರನ ನೇರ ಪ್ರಭಾವವೆನ್ನುವುದು ಅತ್ಯುಕ್ತಿಯಾದೀತು. ಆದರೂ ಶರಣರ ನಾಯಕ ಬಸವಣ್ಣನ ಸ್ನೇಹಕ್ಕೂ ಮಗ ಸೋವಿದೇವನ ದ್ರೋಹಕ್ಕೂ ನಡುವೆ ಸಿಲುಕಿದ ಕಾರ್ನಾಡರ ಬಿಜ್ಜಳನನ್ನು ಇಂದು ಬಸವಕಲ್ಯಾಣವೆನಿಸಿರುವ ಆ ಕಲ್ಯಾಣದ ಓದುಗನೊಬ್ಬನು ಪ್ರಿಯಾಮನ ಜೊತೆಗಿಟ್ಟು ಓದುವುದಾದರೆ, ಆ ಓದಿಗೆ ಬೇಕಾದ ಸಂಸ್ಕಾರ ರನ್ನನಿಂದಲೂ ಶ್ರೀಯವರಿಂದಲೂ ಅವನಿಗೆ ಮೊದಲೇ ದೊರೆತಿದೆ.