ಅಟ್ಟದ ಮೇಲಿದ್ದ ಮೂರು ತುಂಡು

ಹಳೇ ಮನೆಯ ಹೆಂಚು ಇಳಿಸುವಾಗ ಅಟ್ಟದ ಮೂಲೆಯಲ್ಲಿ ಗೋಣಿತಾಟು ಸುತ್ತಿದ ಮೂರು ಮರದ ತುಂಡು ಸಿಕ್ಕವು ಕಣ್ರವ್ವಾ. ಒಂದೊಂದೂ ಮೊಳದುದ್ದ. ಸಿಪ್ಪೆ ಯಾವಾಗಲೋ ಉದುರಿತ್ತು. ನಮ್ಮನೆಯೋರು "ನೀರೊಲೆಗೆ ಹಾಕು" ಅಂದ್ರು. ನಮ್ಮತ್ತೆ ಮಾತ್ರ "ಸುಮ್ಕಿರು, ನಿಮ್ಮಪ್ಪ ಅದ್ನ ಚನ್ನಪಟ್ಟಣಕ್ಕೆ ಕೊಡ್ಬೇಕು ಅಂತ ಒಣಗಾಕಿದ್ರು" ಅಂದ್ರು. ಯಾವ ಮರ ಅಂದ್ರೆ ಅವರಿಗೂ ನೆನಪಿಲ್ಲ.

ನನ್ನ ಮಗಳ ಕೂಸಿಗೆ ಆರು ತಿಂಗಳು. ಸಿಕ್ಕಿದ್ದೆಲ್ಲ ಬಾಯಿಗೇ. ಮುತ್ತಾತ ಇಟ್ಟ ಮರದಲ್ಲಿ ಅದಕ್ಕೊಂದು ಗಿಲಕಿ ಮಾಡಿಸೋಣ ಅಂತ ಆಸೆಯಾಯ್ತು. ಚನ್ನಪಟ್ಟಣದಲ್ಲಿ ಗೊಂಬೆ ಕಡೆಯೋ ಹಿರಿಯರೊಬ್ಬರ ಹತ್ರ ಹೊತ್ಕೊಂಡು ಹೋದೆ. ಅವರು ತುಂಡಿನ ತುದಿ ಹೆರೆದು, ನೀರು ಸವರಿ, ಬೆಳಕಿಗೆ ಹಿಡಿದು ನೋಡಿದ್ರು. "ಬೆಳ್ಳಗಿರೋದೆಲ್ಲ ಹಾಲೆ ಅಲ್ಲ ತಾಯಿ. ಎಲೆ ನೋಡಿಲ್ಲ, ಕಾಯಿ ನೋಡಿಲ್ಲ. ಮಗು ಚೀಪೋ ಸಾಮಾನಿಗೆ ಗುರುತಿಲ್ಲದ ಮರ ನಾನು ಹಾಕಲ್ಲ" ಅಂತ ವಾಪಸ್ ಕೊಟ್ಟುಬಿಟ್ರು.

ಮೊದಲು ಬೇಜಾರಾಯ್ತು. ಆಮೇಲೆ ಯೋಚನೆ ಮಾಡಿದ್ರೆ ಅವರ ಮಾತು ದಿಟ ಅನ್ನಿಸ್ತು. ಕರಾವಳಿ ಕಡೆ ಆಟಿ ಅಮಾವಾಸ್ಯೆ ದಿನ ಹಾಲೆ ಮರದ ತೊಗಟೆ ಕಷಾಯ ಕುಡೀತಾರಲ್ಲ, ಅದು ಬೇರೆ ಜಾತಿ, ಏಳೆಲೆ ಹಾಲೆ. ಅಲ್ಲಿ ಗುರುತು ತಪ್ಪಿ ಕಾಸರಕದ ತೊಗಟೆ ಕುದಿಸಿ, ಜೀವಕ್ಕೇ ಕುತ್ತು ತಂದುಕೊಂಡೋರೂ ಅವರೆ. ಹೆಸರು ಒಂದೇ ಇದ್ದ ಮಾತ್ರಕ್ಕೆ ಮರ ಒಂದೇ ಅಲ್ಲ.

ಚನ್ನಪಟ್ಟಣದೋರು ಈ ಹಾಲೆಯನ್ನೇ ಯಾಕೆ ಹಿಡಿದುಕೊಂಡ್ರು? ಟಿಪ್ಪು ಸುಲ್ತಾನ ಪರ್ಷಿಯಾದಿಂದ ಕೆಲಸಗಾರರನ್ನ ಕರೆಸಿದ ಅನ್ನೋದು ಅಲ್ಲಿ ಹೇಳಿಕೊಂಡು ಬಂದ ಕತೆ. ಆಮೇಲೆ ಜಪಾನಿನ ಕಸುಬಿನ ರೀತಿ ತಂದೋರು ಅಂತ ಬಾವಾಸ್ ಮಿಯಾ ಅವರನ್ನ ನೆನೀತಾರೆ. ಮರ ಮಾತ್ರ ನಮ್ಮ ಬದುಗಳದ್ದೇ. ಹಾಲೆ ದಂತದ ಹಾಗೆ ಬಿಳುಪು, ಎಳೆ ಸಣ್ಣ, ಉಳಿ ಕೊಟ್ಟರೆ ಸಿಗುರೇಳದೆ ನುಣ್ಣಗೆ ಬರ್ತದೆ. ಅದು ತಿರುಗುತ್ತಿರುವಾಗಲೇ ಬಣ್ಣದ ಅರಗಿನ ಕಡ್ಡಿ ಒತ್ತಿದ್ರೆ, ಉಜ್ಜಿದ ಕಾವಿಗೆ ಅರಗು ಕರಗಿ ಹತ್ಕೊಳ್ತದೆ. ಮೇಲೆ ತಾಳೆಗರಿ ಹಿಡಿದ್ರೆ ಮಿರಮಿರ ಹೊಳಪು. ಆಂಧ್ರದ ಏಟಿಕೊಪ್ಪಾಕದ ಗೊಂಬೆಗಳಿಗೂ ಇದೇ ಮರ. ಅಲ್ಲಿ ಅಂಕುಡು ಅಂತಾರೆ. 2005–06ರ ಸಾಲಿನಲ್ಲಿ ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಗುರುತು ಸಿಕ್ತು. ಈಗ ರಬ್ಬರ್ ಮರವನ್ನೂ ಕಡೀತಾರೆ.

ಇಷ್ಟೆಲ್ಲ ತಿಳಿದ ಮೇಲೂ ನನ್ನ ತುಂಡು ಏನೂ ಬಾಯಿಬಿಡಲಿಲ್ಲ. ಗುರುತು ಕೊಟ್ಟಿದ್ದು ನಮ್ಮತ್ತೆಯ ಎಣ್ಣೆ ಬಾಟ್ಲಿ. "ಬದಿನ ಮೇಲೆ ಒಂದು ಮರ ಐತಲ್ಲ, ಅದರ ಎಲೆ ಕೊಬ್ಬರಿ ಎಣ್ಣೇಲಿ ಹಾಕಿ ಬಿಸಿಲಿಗಿಟ್ರೆ ನೇರಳೆ ಬಣ್ಣ ಬರ್ತದೆ. ಹುರುಕಿಗೆ ಹಚ್ತಿದ್ವಿ" ಅಂದ್ರು. ಹಾಲೆ ಎಲೆಯಲ್ಲಿ ನೀಲಿ ಬಣ್ಣ ಇದೆ. 200 ವರ್ಷಕ್ಕೂ ಹಿಂದೆ ವಿಲಿಯಂ ರಾಕ್ಸ್‌ಬರ್ಗ್ ಅನ್ನೋ ಸಸ್ಯಶಾಸ್ತ್ರಜ್ಞ ಇದನ್ನ ಬರೆದಿಟ್ಟು, ಮರಕ್ಕೆ ಟಿಂಕ್ಟೋರಿಯಂ, ಅಂದ್ರೆ ಬಣ್ಣ ಕೊಡುವಂಥದ್ದು, ಅಂತ ಹೆಸರು ಕೊಟ್ಟಿದ್ದ. ನಮ್ಮತ್ತೆಗೆ ಆ ಹೆಸರು ಗೊತ್ತಿಲ್ಲ, ಬಣ್ಣ ಗೊತ್ತು.

ಬದಿನ ಹತ್ರ ಹೋದ್ವಿ. ಎಲೆ ಚಿವುಟಿದ್ರೆ ಹಾಲು. ಜೋಡಿ ಕಾಯಿ ಉದ್ದಕ್ಕೆ ಇಳಿಬಿದ್ದು, ತುದಿಯಲ್ಲಿ ಇಕ್ಕಳದ ಹಾಗೆ ಕೂಡಿಕೊಂಡಿದ್ದವು. ಕೊಡಸಿಗದ್ದೂ ಬಿಳೀ ಮರವೇ, ಕಾಯಿಯೂ ಜೋಡಿಯೇ. ಆದ್ರೆ ಅದರ ತುದಿ ಕೂಡಿರಲ್ಲ. ಎಲೆ ಕಿತ್ತು ತಂದು ಎಣ್ಣೆಗೆ ಹಾಕಿ ಬಿಸಿಲಿಗಿಟ್ಟೆ. ನೇರಳೆ ಬಂತು. ಬದಿನ ಮರ ಹಾಲೆ, ಸರಿ. ಅಟ್ಟದ ತುಂಡೂ ಅದೇ ಅಂತ ಹೇಳೋರ್ಯಾರು?

ಆ ಮರದ್ದೇ ಒಣಗಿದ ಕೊಂಬೆಯೊಂದನ್ನ ಕತ್ತರಿಸಿಕೊಂಡು, ಮೂರು ತುಂಡಿನ ಜೊತೆ ಮತ್ತೆ ಚನ್ನಪಟ್ಟಣಕ್ಕೆ ಹೋದೆ. ಹಿರಿಯರು ನಾಲ್ಕರ ತುದಿಯನ್ನೂ ಹೆರೆದು ಸಾಲಾಗಿಟ್ಟು, ಭೂತಗನ್ನಡಿ ಹಿಡಿದ್ರು. ಎರಡು ತುಂಡು ಕೊಂಬೆಗೆ ಸರಿಹೊಂದಿದವು, ಬರಿಗಣ್ಣಿಗೆ ಕಾಣದಷ್ಟು ಸಣ್ಣ ರಂಧ್ರ. ಮೂರನೆಯದರಲ್ಲಿ ರಂಧ್ರ ದೊಡ್ಡದು, ತೂಕವೂ ಬೇರೆ. "ಇದು ಬೇರೆ ಮರ ತಾಯಿ, ಹೆಸರು ನಾನು ಹೇಳಲಾರೆ" ಅಂದ್ರು.

ಎರಡರಲ್ಲಿ ಗಿಲಕಿ ಆಯ್ತು, ಒಂದು ಲಟ್ಟಣಿಗೆಯೂ ಆಯ್ತು. ಗಿಲಕಿಗೆ ಬಣ್ಣ ಬೇಡ ಅಂದೆ, ಮರದ ಬಿಳುಪೇ ಚೆಂದ. ಮೂರನೇದು ಈಗ ಹಿತ್ತಿಲ ಬಾಗಿಲು ಗಾಳಿಗೆ ಬಡೀದ ಹಾಗೆ ಒತ್ತಿಗಿದೆ. ನಮ್ಮತ್ತೆ ದಿನಾ ಅದನ್ನ ನೋಡಿ "ಇದ್ಯಾವುದಿರಬಹುದೇ" ಅಂತಾರೆ. ಬದಿನ ಮರ ಕಡಿಯೋ ಮಾತು ಈಗ ನಮ್ಮನೆಯೋರೂ ಎತ್ತಲ್ಲ.

ನಿಮ್ಮನೆ ಅಟ್ಟದಲ್ಲೂ ಇಂಥದ್ದಿದ್ರೆ ಒಲೆಗೆ ಹಾಕೋ ಮುಂಚೆ ಮನೇಲಿರೋ ಹಿರೀ ಹೆಂಗಸರನ್ನ ಒಂದ್ಸಲ ಕೇಳ್ರವ್ವಾ.